ಇಂದ್ರಾಣಿಯ ಮಾತು ಬರುವ ತನಕ

ನಮ್ಮೂರಿನಲ್ಲಿ ಫೋನು ಮಾಡಿದವರು ಹೇಳುವುದನ್ನು ಹೇಳಿ, ರಿಸೀವರನ್ನು ಪಕ್ಕಕ್ಕಿಟ್ಟು, ಒಲೆಯ ಮೇಲೆ ಅಕ್ಕಿ ಇಡಬಹುದು. ಅನ್ನ ಬೇಯುವ ಹೊತ್ತಿಗೆ ಉತ್ತರ ಬರುತ್ತದೆ. ಫೋನಿನಲ್ಲಿ ಆಡಲಿ, ವೈರ್‌ಲೆಸ್ ಸೆಟ್ಟಿನಲ್ಲಿ ಆಡಲಿ, ಇಲ್ಲಿ ಮಾತು ರಸ್ತೆ ಹಿಡಿದು ನಡೆದುಕೊಂಡೇ ಹೋಗುತ್ತದೆ. ಯಾರ ಮಾತೋ ಅವರದೇ ನಡಿಗೆ. ಬಿರುಸಾಗಿ ನಡೆಯುವವರ ಮಾತು ಬಿರುಸಾಗಿ ಹೋಗುತ್ತದೆ, ತುಂಬಿದ ಬಸುರಿಯ ಮಾತು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೋಗುತ್ತದೆ. ಏರಿನಲ್ಲಿ ಏದುಸಿರು ಬಿಡುತ್ತದೆ, ಇಳಿಜಾರಿನಲ್ಲಿ ದಡದಡನೆ ಇಳಿಯುತ್ತದೆ. ರೈಲ್ವೆ ಗೇಟು ಹಾಕಿದ್ದರೆ ಜನರ ಜೊತೆ ಮಾತೂ ನಿಲ್ಲಬೇಕು, ಎಮ್ಮೆ ಮಂದೆ ಎದುರಾದರೆ ಪಕ್ಕಕ್ಕೆ ಸರಿಯಬೇಕು. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಆಡಿದ ಕೂಡಲೇ ತಲುಪಿಬಿಡುವ ಮಾತಿನಿಂದ ಅವರ ಕಡೆ ಎಷ್ಟು ಸಂಸಾರ ಕೆಟ್ಟಿದೆ ಎಂಬುದನ್ನೂ ನಾವು ಕೇಳಿದ್ದೇವೆ.

ಇನ್ನೊಂದು ರಿವಾಜು ಇದೆ. ಮಾತು ಕಳಿಸಿದ ಮೇಲೆ ಅದರ ಬೆನ್ನ ಹಿಂದೆಯೇ ಮನುಷ್ಯ ಹೋಗುವುದು ನಮ್ಮಲ್ಲಿ ಹೀನಾಯ. ತನ್ನ ಮಾತಿನ ಮೇಲೆ ತನಗೇ ನಂಬಿಕೆ ಇಲ್ಲದವನು ಎಂದು ಆಡಿಕೊಳ್ಳುತ್ತಾರೆ. ಹೆಣ್ಣು ಕೊಡುವಾಗಲೂ ಇದನ್ನು ವಿಚಾರಿಸುವುದುಂಟು. ಹುಡುಗ ಮಾತು ಕಳಿಸಿ ಸುಮ್ಮನಿರುತ್ತಾನೋ, ಬೆನ್ನಟ್ಟಿ ಓಡುತ್ತಾನೋ ಎಂದು. ಹೀಗಾಗಿ ಊರಿನಲ್ಲಿ ಕಾಲು ಚುರುಕಾಗಿ ಇದ್ದವರಿಗೆ ಮರ್ಯಾದೆ ಹೆಚ್ಚು. ಹಾಲು ಹಾಕುವ ಮೆಹಬೂಬನ ಮಾತು ಎಲ್ಲರಿಗಿಂತ ಮುಂದೆ. ಯಾರ ಮನೆಯಲ್ಲಾದರೂ ಹೆರಿಗೆ ನೋವು ಕಾಣಿಸಿಕೊಂಡರೆ, ಹಿತ್ತಿಲಿಗೆ ಹಾವು ಬಂದರೆ, ಬೀಗರು ಹೇಳದೆ ಕೇಳದೆ ಬಸ್ಸಿಳಿದರೆ, ಮೊದಲು ಅವನನ್ನು ಕೂಗಿ ರಿಸೀವರು ಕೈಗೆ ಕೊಡುತ್ತಾರೆ.

ನಾನು ಇಂದ್ರಾಣಿ. ಪೇಟೆ ಬೀದಿಯ ರೇಡಿಯೋ ರಿಪೇರಿ ಅಂಗಡಿ ನನ್ನದು, ಅಪ್ಪನಿಂದ ಬಂದದ್ದು. ಚಿಕ್ಕವಳಿದ್ದಾಗ ಬಂದ ಜ್ವರ ಹೋಗುವಾಗ ಎಡಗಾಲಿನ ಶಕ್ತಿಯನ್ನು ಕಟ್ಟಿಕೊಂಡು ಹೋಯಿತು. ಅಂದಿನಿಂದ ಕೋಲು ಹಿಡಿದೇ ನಡೆಯುತ್ತೇನೆ. ಕುಂಟನಿಗೆ ಎಂಟು ಚೇಷ್ಟೆ ಎಂಬ ಗಾದೆಯನ್ನು ನನ್ನ ಮುಖದ ಮೇಲೇ ಹೇಳಿದವರಿದ್ದಾರೆ. ನನ್ನವು ಎಂಟಲ್ಲ, ಹತ್ತು ಎಂದು ನಾನೂ ಹೇಳಿ ಕಳಿಸಿದ್ದೇನೆ. ಬಾಯಿಗೆ ಬರಗಾಲವಿಲ್ಲ. ಎದುರಿಗೆ ನಿಂತು ಮಾತಿನಲ್ಲಿ ನನ್ನನ್ನು ಗೆದ್ದವರಿಲ್ಲ. ಆದರೆ ದೂರಕ್ಕೆ ಕಳಿಸಿದ ನನ್ನ ಮಾತು ನನ್ನ ಹಾಗೆಯೇ ಕುಂಟುತ್ತದೆ.

ನನ್ನ ನಿಶ್ಚಿತಾರ್ಥದ ಬೆಳಿಗ್ಗೆ ಸೋದರತ್ತೆಯನ್ನು ನಾನೇ ಕರೆಯುತ್ತೇನೆ ಎಂದು ಹಟ ಹಿಡಿದು ಫೋನು ಮಾಡಿದ್ದೆ. ಅತ್ತೆಯ ಮನೆ ಊರಾಚೆ, ಹೆಂಚಿನ ಕಾರ್ಖಾನೆಯ ಪಕ್ಕ. ನನ್ನ ಮಾತು ಅಲ್ಲಿಗೆ ಮುಟ್ಟಿ, ಆಕೆ ರೇಷ್ಮೆ ಸೀರೆ ಉಟ್ಟು ಬರುವ ಹೊತ್ತಿಗೆ ಎಲೆ ಎತ್ತಿ ನೆಲ ಸಾರಿಸಿ ಆಗಿತ್ತು. ಅತ್ತೆ ಒಂದು ಮಾತೂ ಬೈಯಲಿಲ್ಲ, ಒಣಗಿದ ನೆಲದ ಮೇಲೆ ಕೂತು ಒಂದು ಲೋಟ ಪಾಯಸ ಕುಡಿದು ಹೋದರು. ಅಂದಿನಿಂದ ನನ್ನ ಮಾತನ್ನು ಬೇರೆಯವರೇ ಆಡಿದರು. ತಮ್ಮನೋ ಗಂಡನೋ ಫೋನೆತ್ತಿ, "ಇಂದ್ರಾಣಿ ಹೇಳ್ತಾಳೆ" ಎಂದು ಶುರು ಮಾಡುತ್ತಿದ್ದರು. ಊರಿನ ಅರ್ಧ ಸೆಟ್ಟುಗಳಿಗೆ ಜೀವ ಕೊಟ್ಟವಳು ನಾನು. ಒಂದರಲ್ಲಿಯೂ ನನ್ನ ದನಿ ಇರಲಿಲ್ಲ. ಇದರಿಂದ ನೋವಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೀಗಿರುವಾಗ ಹಳೇ ಗಾಡಿಗಳ ಮೇಳ ನಮ್ಮೂರಿಗೆ ಬರುವ ಸುದ್ದಿ ಹುಟ್ಟಿತು. ನಮ್ಮವರಿಗೆ ಹಳೆಯ ಗಾಡಿಗಳ ಹುಚ್ಚು ಮೊದಲಿನಿಂದಲೂ ಇದೆ. ಮೂರು ಚಕ್ರದ ಕಾರು, ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಮೋಟಾರು ಸೈಕಲ್ಲು, ಹ್ಯಾಂಡಲ್ ತಿರುಗಿಸಿದರೆ ಮಾತ್ರ ಏಳುವ ಜೀಪು, ಯಾವ ಮನೆಯ ಕೊಟ್ಟಿಗೆ ನೋಡಿದರೂ ಹಸುವಿನ ಪಕ್ಕ ಇಂಥದೊಂದು ನಿಂತಿರುತ್ತದೆ. ಪುಟ್ಟಬಸವಯ್ಯನವರ ಹತ್ತಿರ ಮೂತಿ ಉದ್ದದ ಲಾರಿ ಇದೆ. ಅದರ ಹೆಸರು ಗೌರಿ. ಹಿಂದೆ ಇಟ್ಟಿಗೆ ಹೊರುತ್ತಿತ್ತು, ಈಗ ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡಿ ನಿಲ್ಲುತ್ತದೆ. ನಮ್ಮ ಗುಡ್ಡದ ರಸ್ತೆಯ ಮೇಲೆ ಈ ಗಾಡಿಗಳೆಲ್ಲ ಸಾಲಾಗಿ ಇಳಿಯುವುದನ್ನು ನೋಡಬೇಕು ಎನ್ನುವುದು ಬಸವಯ್ಯನವರ ಜೀವಮಾನದ ಆಸೆ. ಆದರೆ ಮೇಳ ನಡೆಸುವ ಸಂಘ ದೂರದ ನಗರದ್ದು. ಅದರ ಕಾರ್ಯದರ್ಶಿ ಸುಂದರರಾಜ್ ಎಂಬವರು ಊರು ನೋಡಲು ಬಂದು, ರಸ್ತೆಗೆ ಮಾರುಹೋಗಿ, ಮಾತಿನ ಸಂಗತಿ ತಿಳಿದ ಮೇಲೆ ತಲೆ ಅಲ್ಲಾಡಿಸಿದರು. ವೈರ್‌ಲೆಸ್ ಇಲ್ಲದೆ ಗುಡ್ಡದ ಮೇಲಿಂದ ಗಾಡಿ ಬಿಡಲು ಸಾಧ್ಯವೇ ಇಲ್ಲ, ನಿಮ್ಮ ವೈರ್‌ಲೆಸ್ ಇದ್ದೂ ಇಲ್ಲದ ಹಾಗೆ ಎಂದರು. ಸಭೆಯಲ್ಲಿದ್ದವರ ಮುಖಗಳೆಲ್ಲ ಬಾಡಿದವು. ನನಗೆ ಮಾತ್ರ ಮೈಯುರಿಯಿತು. ನಮ್ಮ ಮಾತು ನಿಧಾನವಿರಬಹುದು, ಇಲ್ಲದ ಹಾಗೆ ಎಂದರೇನರ್ಥ? ಎದ್ದು ನಿಂತು, ವ್ಯವಸ್ಥೆ ನಾನು ಮಾಡುತ್ತೇನೆ, ಬಂದು ಪರೀಕ್ಷೆ ಮಾಡಿ ಎಂದೆ.

ಕೋಲೂರಿಕೊಂಡು ಗುಡ್ಡದ ರಸ್ತೆಯನ್ನು ಹತ್ತಿ ಇಳಿದೆ. ದೊಡ್ಡ ಗುಡ್ಡವೇನಲ್ಲ, ಊರಿನ ಬೆನ್ನಿಗೆ ಒರಗಿದಂತಿದೆ. ಆದರೆ ನಡುವೆ ಒಂದು ತಿರುವು ಇದೆ, ಮೇಲಿನವರಿಗೆ ಆ ತಿರುವು ಕಾಣುವುದಿಲ್ಲ. ಎಲ್ಲಿ ಮಾತು ದಣಿಯುತ್ತದೆ, ಎಲ್ಲಿ ದನಗಳು ಅಡ್ಡ ಬರುತ್ತವೆ, ಚಹಾದಂಗಡಿಯ ಬೆಂಚು ಎಷ್ಟು ರಸ್ತೆ ತಿನ್ನುತ್ತದೆ, ಎಲ್ಲ ನೋಡಿಕೊಂಡು ಬಂದು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಗುಡ್ಡವನ್ನು ಬರೆದೆ. ಮೇಲೆ ಗಾಡಿ ಬಿಡುವ ಜಾಗದಲ್ಲಿ ಹೈಸ್ಕೂಲಿನ ಡ್ರಿಲ್ ಟೀಚರ್ ಜಯಶೀಲ, ತಿರುವಿನಲ್ಲಿ ದರ್ಜಿ ಶಾಂತಪ್ಪ, ಕೆಳಗೆ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಮಾಳಿಗೆಯ ಮೇಲೆ ಕಂಟ್ರೋಲ್ ರೂಮು. ಶಾಂತಪ್ಪ ಕಂಡದ್ದನ್ನು ಕೆಳಗೆ ಹೇಳಬೇಕು, ಅವನ ಸೆಟ್ಟು ಬೇರೆ ಯಾರಿಗೂ ಕೇಳದ ಹಾಗೆ ಕಟ್ಟಿದ್ದೆ. ಕೆಳಗಿನವರು ಮಾತ್ರ ಮೇಲಕ್ಕೆ ಹೇಳಬೇಕು. ಹತ್ತು ಜನ ಹತ್ತು ಕಡೆಯಿಂದ ಆಡಿದರೆ ರಸ್ತೆಯಲ್ಲಿ ಮಾತಿಗೆ ಮಾತು ತಗುಲಿ ಕೆಡುತ್ತದೆ ಎಂಬುದು ನಮಗೆ ಹೊಸದೇನಲ್ಲ. ಬೇಕಾದಾಗ ಆಡುವ ಬದಲು ಬೇಕಾಗುವುದಕ್ಕೆ ಮೊದಲೇ ಆಡುವುದು, ಇಷ್ಟೇ ನನ್ನ ಉಪಾಯ. ಸುಂದರರಾಜ್ ಬಂದು ನಾಲ್ಕು ಗಾಡಿ ಇಳಿಸಿ ಪರೀಕ್ಷೆ ಮಾಡಿದರು. ಒಂದೊಂದು ಮಾತೂ ಗಾಡಿಗಿಂತ ಮುಂಚೆ ಹೋಗಿ ಕಾದು ನಿಂತಿತ್ತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ಮೇಳ ಇಲ್ಲಿಯೇ ಎಂದರು. ಒಂದು ಷರತ್ತು ಮಾತ್ರ ಹಾಕಿದರು. ಮೊದಲ ತಂಡ ಕೆಳಗಿಳಿದ ಸುದ್ದಿ ಬಂದರೆ ಸರಿ, ಬರದಿದ್ದರೂ ಹನ್ನೊಂದು ಗಂಟೆಗೆ ಎರಡನೇ ತಂಡವನ್ನು ಬಿಡುವುದು. ನಿಮ್ಮ ಮಾತಿಗಾಗಿ ಇಡೀ ದಿನ ಇಂಜಿನ್ನು ಕಾಯಿಸಲಾಗುವುದಿಲ್ಲ ಎಂದರು. ನಮ್ಮವರು ಒಪ್ಪಿಕೊಂಡರು.

ಕಂಟ್ರೋಲ್ ರೂಮಿನ ಮೈಕಿನ ಮುಂದೆ ಕೂರುವವರು ಯಾರು ಎಂಬ ಮಾತು ಬಂತು. ವ್ಯವಸ್ಥೆ ನನ್ನದು, ಸೆಟ್ಟು ನನ್ನದು. ಬಿಡಿ ಎಂಬ ಒಂದು ಮಾತನ್ನಾದರೂ ನನ್ನ ದನಿಯಲ್ಲಿ ಆಡಲು ಬಿಡಬಹುದು ಎಂದುಕೊಂಡಿದ್ದೆ. ಬಸವಯ್ಯನವರು ನನ್ನ ಅಪ್ಪನ ಸ್ನೇಹಿತರು, ನಾನು ಮಾವ ಎಂದೇ ಕರೆಯುವುದು. ಅವರು ನನ್ನ ಕಡೆ ನೋಡಿ, ನೋಯಿಸಬಾರದು ಎನ್ನುವ ದನಿಯಲ್ಲೇ ಹೇಳಿದರು.

"ನಿನ್ ಬುದ್ಧಿ ಬೇಕು ಕಣವ್ವ. ದನಿ ಬ್ಯಾಡ. ಮೆಹಬೂಬ ಕೂತ್ಕಳ್ಳಿ."

ಆಗಲಿ ಮಾವ ಎಂದೆ. ಮನೆಗೆ ಬಂದು ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತೆ. ಅವರು ಹೇಳಿದ್ದು ತಪ್ಪು ಎಂದು ವಾದಿಸಲಾದರೂ ಬರುವಂತಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ.

ಮೇಳದ ದಿನ ಬೆಳಿಗ್ಗೆ ಸೆಟ್ಟುಗಳನ್ನೆಲ್ಲ ಒಮ್ಮೆ ಆಡಿಸಿ ನೋಡಿದೆವು. ಮೇಲಿನ ಮಾತು ಕೆಳಗೆ, ಕೆಳಗಿನದು ಮೇಲೆ, ಎಲ್ಲ ಹೊತ್ತಿಗೆ ಸರಿಯಾಗಿ ಬಂದು ಹೋದವು. ಹೊರಗಿನಿಂದ ಬಂದ ಗಾಡಿಗಳನ್ನೂ ನಮ್ಮವನ್ನೂ ಸೇರಿಸಿ ಗುಡ್ಡದ ನೆತ್ತಿಯ ಮೇಲೆ ಸಾಲು ನಿಲ್ಲಿಸಿದ್ದರು. ಊರಿನಲ್ಲಿ ಒಂದು ಚಕ್ರವೂ ಉಳಿದಿರಲಿಲ್ಲ. ಮೆಹಬೂಬನ ಹಾಲಿನ ಸೈಕಲ್ಲು ಕೂಡ ಹೂ ಮುಡಿದು ಮೇಲೆ ಹೋಗಿತ್ತು. ಗುಡ್ಡದ ಬುಡದಲ್ಲಿ ಜನ ಜಮಾಯಿಸಿದ್ದರು. ಗಾಡಿ ಬರುವ ದಾರಿಗೆ ಯಾರೂ ನುಗ್ಗದಿರಲಿ ಎಂದು ಬಸವಯ್ಯಮಾವನೇ ಸ್ವಯಂಸೇವಕರಿಗೆ ಹೇಳಿ, ಆ ಬುಡದಲ್ಲಿ ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿಸಿದರು. ಮೊದಲ ಗಾಡಿ ಹತ್ತಿರ ಬಂದಾಗ ಬಿಚ್ಚಿದರಾಯಿತು, ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ದಾಟಬಾರದು ಎಂದು ಕಟ್ಟಪ್ಪಣೆ ಮಾಡಿ ಗೌರಿಯನ್ನು ಓಡಿಸಲು ಮೇಲೆ ಹೋದರು. ಜನರ ವ್ಯವಸ್ಥೆ ಒಂದು ಸಮಿತಿಯದು, ಮಾತಿನ ವ್ಯವಸ್ಥೆ ಇನ್ನೊಂದು ಸಮಿತಿಯದು. ಹಗ್ಗದ ಸುದ್ದಿಯನ್ನು ನಮ್ಮ ಮಾಳಿಗೆಯಲ್ಲಿ ಯಾರೂ ಎತ್ತಲಿಲ್ಲ.

ಗೊತ್ತುಮಾಡಿದ ಹೊತ್ತಿಗೆ ಮೊದಲ ತಂಡ ಹೊರಟಿತು. ಎಲ್ಲಕ್ಕಿಂತ ಮುಂದೆ ಗೌರಿ. ಮಾಳಿಗೆಯ ಕಿಟಕಿಯಿಂದ ಗುಡ್ಡ ಪೂರ್ತಿ ಕಾಣುತ್ತದೆ. ಹಸಿರು ಬಣ್ಣದ ಆ ಉದ್ದ ಮೂತಿ ಮೇಲಿನಿಂದ ಇಳಿಯುವಾಗ ಕೆಳಗಿನ ಜನ ಹೋ ಎಂದದ್ದು ನಮ್ಮವರೆಗೂ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ತಿರುವಿನ ಹತ್ತಿರ ಬಂದ ಗೌರಿ ಒಮ್ಮೆ ಮುಗ್ಗರಿಸಿದಂತಾಗಿ, ಹಿಂಭಾಗ ಜಾರಿ, ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಳು. ಹಿಂದಿನ ಗಾಡಿಗಳು ಒಂದರ ಬೆನ್ನಿಗೊಂದು ನಿಂತವು. ಜನ ಇಳಿದು ಚಕ್ರಕ್ಕೆ ಕಲ್ಲು ಕೊಡುವುದು, ಲಾರಿಯ ಕೆಳಗೆ ನುಗ್ಗುವುದು ಇರುವೆಗಳ ಹಾಗೆ ಕಾಣಿಸಿತು. ಯಾರಿಗೂ ಪೆಟ್ಟಾದಂತಿರಲಿಲ್ಲ. ಆದರೆ ತಿರುವಿನ ತುಂಬ ಜನ, ಮತ್ತು ಮೇಲಿನವರಿಗೆ ಆ ತಿರುವು ಕಾಣುವುದಿಲ್ಲ. ಎರಡನೇ ತಂಡದಲ್ಲಿ ಇದ್ದದ್ದೆಲ್ಲ ಭಾರದ ಗಾಡಿಗಳು, ಅರ್ಧ ಗಾಡಿಗಳ ಬ್ರೇಕು ದೇವರ ದಯೆ.

ಮೆಹಬೂಬ ತಡಮಾಡಲಿಲ್ಲ. ಮೈಕು ಹಿಡಿದು, ಟೀಚರ್ ಗಾಡಿ ನಿಲ್ಲಿಸಿ ಎಂದು ಮೂರು ಸಲ ಹೇಳಿದ. ಅವನ ಮಾತಿಗೆ ಗುಡ್ಡ ಹತ್ತುವುದು ಎಷ್ಟರ ಕೆಲಸ? ನಾವು ಉತ್ತರಕ್ಕೆ ಕಾದೆವು. ಬರಲಿಲ್ಲ. ಮಾಳಿಗೆಯಲ್ಲಿದ್ದ ಉಳಿದವರು ಮೈಕಿಗೆ ಮುಗಿಬಿದ್ದರು. ಸಂಘದಿಂದ ಬಂದಿದ್ದ ಒಬ್ಬರು ಮೈಕು ಕಸಿದು ಕೂಗಿದರು, ಬಸವಯ್ಯಮಾವನ ಅಳಿಯ ಕೂಗಿದ, ಊರಿನ ಕಬಡ್ಡಿ ತಂಡದ ಇಬ್ಬರು ಒಟ್ಟಿಗೇ ಕೂಗಿದರು. ಒಬ್ಬರಿಗಿಂತ ಒಬ್ಬರು ಓಟಗಾರರು. ಒಂದು ಮಾತಿಗೂ ಮಾರುತ್ತರ ಬರಲಿಲ್ಲ. ಸೆಟ್ಟು ಕೆಟ್ಟಿದೆ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಸೆಟ್ಟು ಕೆಟ್ಟಿರಲಿಲ್ಲ, ನನ್ನ ಕೈಯ ಕೆಲಸ ನನಗೆ ಗೊತ್ತು. ನನಗೆ ಹೊಳೆದದ್ದು ಶಾಂತಪ್ಪನ ವಿಚಾರ. ಲಾರಿ ನಿಂತದ್ದನ್ನು ಕಂಡ ಕೂಡಲೇ ಅವನು ಕೆಳಗೆ ಹೇಳಿಯೇ ಇರುತ್ತಾನೆ. ಇಳಿಜಾರಿನಲ್ಲಿ ಬರುವ ಮಾತು, ಇಷ್ಟು ಹೊತ್ತಿಗೆ ಬಂದು ಚಹಾ ಕುಡಿದು ಹೋಗಬೇಕಿತ್ತು. ಅದೂ ಬಂದಿಲ್ಲ. ಹೋಗುವುದೂ ಹೋಗಿಲ್ಲ, ಬರುವುದೂ ಬಂದಿಲ್ಲ ಎಂದರೆ ನಡುವೆ ಏನೋ ಅಡ್ಡ ನಿಂತಿದೆ. ಇವತ್ತು ಗುಡ್ಡದ ಬುಡದಲ್ಲಿ ಏನಾದರೂ ಕಟ್ಟಿದ್ದಾರೆಯೇ ಎಂದು ಕೇಳಿದೆ. ಮಾವನ ಅಳಿಯ, ಹಗ್ಗ ಕಟ್ಟಿದ್ದಾರೆ, ಯಾರನ್ನೂ ಬಿಡುತ್ತಿಲ್ಲ ಎಂದ. ಹೇಳುತ್ತಿದ್ದಂತೆಯೇ ಅವನ ಬಾಯಿ ತೆರೆದೇ ಉಳಿಯಿತು.

ನಮ್ಮೂರಿನ ಅಷ್ಟೂ ಓಟದ ಮಾತುಗಳು ಆ ಹಗ್ಗದ ಮುಂದೆ, ಜನರ ನಡುವೆ, ಒಳ್ಳೆಯ ಮಕ್ಕಳ ಹಾಗೆ ನಿಂತಿದ್ದವು. ಆಚೆ ಬದಿಯಲ್ಲಿ ಶಾಂತಪ್ಪನ ಮಾತು. ತಿರುವಿನಲ್ಲಿದ್ದವರಿಗೆ ಮೇಲಕ್ಕೆ ಓಡಿ ಹೇಳಲು ಕಾಲಿರಲಿಲ್ಲವೇ ಎಂದು ಹೊರಗಿನವರು ಆಮೇಲೆ ಕೇಳಿದರು. ಕಾಲಿತ್ತು. ಆದರೆ ಶಾಂತಪ್ಪ ಮಾತು ಕಳಿಸಿದ್ದ. ಕಳಿಸಿದ ಮಾತಿನ ಹಿಂದೆ ಓಡಿದರೆ ಅವನ ಮರ್ಯಾದೆ ಏನಾಗಬೇಕು ಎಂದು ಯಾರೂ ಕದಲಲಿಲ್ಲ.

ಹಗ್ಗ ಕಾಯುವವರ ಹತ್ತಿರ ಸೆಟ್ಟಿರಲಿಲ್ಲ. ಯಾರಾದರೂ ಹೋಗಿಯೇ ಬಿಚ್ಚಿಸಬೇಕು. ಹಗ್ಗ ಬಿಚ್ಚಿಸಲು ಹೋಗುವುದು ಮಾತಿನ ಬೆನ್ನಟ್ಟಿದಂತಾಗುವುದಿಲ್ಲ ಎಂದು ಮೆಹಬೂಬ ಲುಂಗಿ ಮೇಲೆ ಕಟ್ಟಿ ಮೆಟ್ಟಿಲು ಇಳಿದ. ಉಳಿದವರೂ ಅವನ ಹಿಂದೆ ದುಡುದುಡು ಇಳಿದರು. ಮಾಳಿಗೆಯಲ್ಲಿ ನಾನು ಒಬ್ಬಳೇ ಉಳಿದೆ. ಎದುರಿಗೆ ಮೈಕು.

ಆ ಕ್ಷಣ ನನಗೆ ಧೈರ್ಯ ಬಂತು ಎಂದು ಹೇಳಿಕೊಳ್ಳುವುದಿಲ್ಲ. ಹನ್ನೊಂದಕ್ಕೆ ಬಹಳ ಹೊತ್ತಿರಲಿಲ್ಲ. ನನ್ನ ಮಾತು ಮೇಲೆ ಮುಟ್ಟುವ ಹೊತ್ತಿಗೆ ಪಾಯಸದ ಪಾತ್ರೆ ತೊಳೆದಿಟ್ಟಿರುತ್ತಾರೆ ಎಂದೇ ಮನಸ್ಸು ಹೇಳಿತು. ಆದರೆ ಇನ್ನೊಂದು ಸಂಗತಿಯೂ ಮನಸ್ಸಿಗೆ ಬಂತು. ಹಗ್ಗ ಬಿಚ್ಚಿದ ಕೂಡಲೇ ಅಲ್ಲಿ ಕಾಯುತ್ತಿರುವ ಮಾತುಗಳೆಲ್ಲ ಒಟ್ಟಿಗೇ ನುಗ್ಗುತ್ತವೆ. ಒಬ್ಬರಿಗಿಂತ ಒಬ್ಬರು ಮುಂದೆ ಹೋಗಬೇಕೆನ್ನುವವರ ಮಾತುಗಳು. ಸಿನಿಮಾ ಟೆಂಟಿನ ಬಾಗಿಲು ತೆಗೆದ ಹಾಗೆ. ಟೀಚರ ಕಿವಿಗೆ ಬೀಳುವಾಗ ಅದರಲ್ಲಿ ಕೂಗಾಟ ಬಿಟ್ಟು ಬೇರೇನೂ ಇರುವುದಿಲ್ಲ. ಹಿಂದಿನಿಂದ ಒಂದಾದರೂ ಮಾತು ಒಂಟಿಯಾಗಿ ಹೋಗಬೇಕು. ಮೈಕು ಒತ್ತಿದೆ.

"ಟೀಚರ್, ನಾನು ಇಂದ್ರಾಣಿ. ತಿರುವಲ್ಲಿ ಗೌರಿ ಅಡ್ಡ ನಿಂತಿದೆ. ಜನ ಇದಾರೆ. ನಾನು ಹೇಳೋ ತನಕ ಒಂದು ಗಾಡೀನೂ ಬಿಡಬೇಡಿ."

ಒಂದೇ ಸಲ ಹೇಳಿದೆ. ಎರಡನೇ ಸಲ ಹೇಳಿದರೆ ಮೊದಲನೆಯದು ಹಿಂದೆ ತಿರುಗಿ ನೋಡುತ್ತಾ ನಿಲ್ಲುತ್ತದೇನೋ ಎಂದು ಭಯವಾಯಿತು. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಕಣ್ಣಿಗೆ ಕಾಣದಿದ್ದರೂ ಅದು ಎಲ್ಲೆಲ್ಲಿ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಪೇಟೆ ಬೀದಿಯ ಕಲ್ಲುಹಾಸಿನ ಮೇಲೆ ಬಲಗಾಲು ಊರಿ ಎಡಗಾಲು ಎಳೆಯುತ್ತಿದೆ. ಚಹಾದಂಗಡಿಯ ಬೆಂಚನ್ನು ಸುತ್ತುತ್ತಿದೆ. ಗುಡ್ಡದ ಬುಡದಲ್ಲಿ ಈಗ ಹಗ್ಗವಿಲ್ಲ, ಸದ್ಯ. ಏರು ಶುರುವಾಗುವ ಕಡೆ ಮೋಟುಗೋಡೆಗೆ ಕೈಕೊಟ್ಟು ಸುಧಾರಿಸಿಕೊಳ್ಳುತ್ತಿದೆ, ನಾನೂ ಅಲ್ಲೇ ಸುಧಾರಿಸಿಕೊಳ್ಳುವುದು. ಏಳು, ಏಳು ಎಂದೆ. ಕೂತಲ್ಲಿಯೇ ನನ್ನ ಎಡಗಾಲು ಸೆಳೆಯಿತು. ನನ್ನ ಜನ್ಮದಲ್ಲಿ ಈ ಕಾಲನ್ನು ಅಷ್ಟು ಬೇಡಿಕೊಂಡವಳಲ್ಲ. ತಿರುವಿನಲ್ಲಿ ಗೌರಿಯ ಪಕ್ಕ ಒಬ್ಬರು ಹೋಗುವಷ್ಟು ಮಾತ್ರ ಜಾಗ. ಬಸವಯ್ಯಮಾವನ ಮೈಗೆ ತಗುಲಿಕೊಂಡೇ ಹೋಗಿರಬೇಕು.

ಹೆಂಚಿನ ಕಾರ್ಖಾನೆಯ ಹನ್ನೊಂದರ ಸೈರನ್ ಕೂಗಿತು. ಗುಡ್ಡದ ನೆತ್ತಿಯ ಮೇಲೆ ಇಂಜಿನ್ನುಗಳು ಒಂದೊಂದಾಗಿ ಎದ್ದ ಗುಡುಗು ನನ್ನ ಕಿಟಕಿಗೆ ಬಂತು. ಗಾಡಿಗಳ ಸದ್ದಿಗೆ ನಡೆದುಬರುವ ಕರ್ಮವಿಲ್ಲ. ಧೂಳು ಏಳುತ್ತದೆಯೇ ಎಂದು ನೋಡುತ್ತಾ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಒಂದು ಸಣ್ಣ ಧೂಳು ಎದ್ದಿತು. ನಿಂತಿತು. ಗುಡುಗು ಮಾತ್ರ ನಿಲ್ಲಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ನನಗೆ ಗೊತ್ತಿಲ್ಲ. ಆಮೇಲೆ ಒಂದು ಇಂಜಿನ್ನು ಆರಿತು. ಇನ್ನೊಂದು ಆರಿತು. ಗುಡ್ಡ ತಣ್ಣಗಾಯಿತು.

ಮೇಲೆ ನಡೆದದ್ದನ್ನು ಜಯಶೀಲ ಟೀಚರು ನನಗೆ ಆಮೇಲೆ ಹೇಳಿದರು. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಅವರ ಸೆಟ್ಟಿನಿಂದ ಸಂತೆಯೇ ಹೊರಬಿತ್ತಂತೆ. ಐದಾರು ಗಂಡಸರು ಒಂದೇ ಬಾಯಲ್ಲಿ ಅರಚಿದ ಹಾಗೆ, ಒಂದು ಅಕ್ಷರವನ್ನೂ ಬಿಡಿಸಿಕೊಳ್ಳಲಾಗಲಿಲ್ಲವಂತೆ. ಸೆಟ್ಟು ಕೈಕೊಟ್ಟಿದೆ, ಒಪ್ಪಂದದ ಪ್ರಕಾರ ಹೊರಡೋಣ ಎಂದು ಸುಂದರರಾಜ್ ಬಾವುಟ ಎತ್ತಿದರು. ಮೊದಲ ಬಸ್ಸು ಒಂದು ಮಾರು ಮುಂದಕ್ಕೂ ಬಂತು. ಟೀಚರಿಗೆ ಆ ಕೂಗಾಟ ಸರಿ ಕಾಣಲಿಲ್ಲ. ಏನಾಗಿದೆ ಎಂದು ಗೊತ್ತಿಲ್ಲದೆಯೂ ಬಸ್ಸಿನ ಮುಂದೆ ಹೋಗಿ ಡ್ರಿಲ್ಲಿನಲ್ಲಿ ನಿಲ್ಲುವಂತೆ ನಿಂತರು. ವಾಗ್ವಾದವಾಯಿತು. ಷರತ್ತು ಒಪ್ಪಿದವರು ನೀವೇ ತಾನೆ ಎಂದು ಸುಂದರರಾಜ್ ಕೇಳಿದರು. ತಪ್ಪು ತಮ್ಮದೇ ಎಂದುಕೊಂಡು ಟೀಚರು ಪಕ್ಕಕ್ಕೆ ಸರಿಯಲು ಕಾಲೆತ್ತಿದ್ದರು. ಆಗ ಸೆಟ್ಟಿನಲ್ಲಿ ಒಂದು ದನಿ ಬಂತು. ಸುತ್ತ ಬೇರೆ ಯಾರ ದನಿಯೂ ಇಲ್ಲ. ಸ್ವಲ್ಪ ಏದುಸಿರು, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ, ನೆಲಕ್ಕೆ ಕೋಲೂರಿದ ಹಾಗೆ. ಬಾವುಟ ಇಳಿಸಿದವರು ಸುಂದರರಾಜರೇ. ಇದು ನಿಜಕ್ಕೂ ಇಂದ್ರಾಣಿಯ ದನಿಯೇ ಎಂದು ಕೇಳಿದರಂತೆ. ನಮ್ಮ ಊರಿನವರು ಮುಖ ಮುಖ ನೋಡಿಕೊಂಡರಂತೆ, ಅಷ್ಟು ವರ್ಷದಿಂದ ನನ್ನ ಜೊತೆ ಇದ್ದವರಿಗೂ ಸೆಟ್ಟಿನಲ್ಲಿ ನನ್ನ ದನಿ ಹೇಗಿರುತ್ತದೆ ಎಂಬುದು ಗೊತ್ತಿರಲಿಲ್ಲ.

ಟೀಚರ ಮಾತು ಇಳಿಜಾರಿನಲ್ಲಿ ಲಗುಬಗೆಯಿಂದ ಬಂದು ನನಗೆ ಮುಟ್ಟಿತು. ನಿಂತಿದ್ದೇವೆ, ನಿಮ್ಮ ಮಾತು ಬಂದ ಮೇಲೆಯೇ ಹೊರಡುವುದು ಎಂದಿತ್ತು. ಮೈಕಿನ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತೆ. ಈ ಸಲ ಈರುಳ್ಳಿಯ ನೆಪ ಬೇಕಾಗಲಿಲ್ಲ.

ಗೌರಿಯನ್ನು ಹಗ್ಗ ಹಾಕಿ ಎಳೆದು ನೇರ ಮಾಡಿದರು. ಮೊದಲ ತಂಡ ಮೆಲ್ಲಗೆ ಇಳಿದು ಮೈದಾನ ಸೇರಿತು. ಕೈಯೆಲ್ಲ ಗ್ರೀಸಾದ ಬಸವಯ್ಯಮಾವ ಮಾಳಿಗೆ ಹತ್ತಿ ಬಂದರು, ಹಿಂದೆ ಮೆಹಬೂಬ. ನಡೆದದ್ದೆಲ್ಲ ಅವರಿಗೆ ಅಷ್ಟು ಹೊತ್ತಿಗೆ ಮುಟ್ಟಿತ್ತು. ಲಾರಿಯ ಕೆಳಗೆ ಮಲಗಿ ಬ್ರೇಕು ಬಿಚ್ಚುತ್ತಿದ್ದವರು ಅವರೇ. ಹನ್ನೊಂದರ ಸೈರನ್ ಕೇಳಿ, ಮೇಲಿನ ಗುಡುಗು ಕೇಳಿ, ಕಣ್ಣು ಮುಚ್ಚಿಕೊಂಡೆ ಕಣವ್ವ ಎಂದು ಬಹಳ ದಿನದ ಮೇಲೆ ನನ್ನ ಬಳಿ ಹೇಳಿಕೊಂಡರು. ಅವತ್ತು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು. ಮೆಹಬೂಬ ಅಭ್ಯಾಸಬಲದಿಂದ ಮೈಕಿನ ಕಡೆ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ, "ಕೂತ್ಕೊ ಅಕ್ಕ" ಎಂದ.

ಮೇಲೆ ಇಡೀ ಮೇಳ ಬಿಸಿಲಿನಲ್ಲಿ ನಿಂತಿದೆ, ನಿನ್ನದಾದರೆ ಬೇಗ ಮುಟ್ಟುತ್ತದೆ, ನೀನೇ ಹೇಳು ಎಂದೆ. ಅದು ಬಿಂಕವಲ್ಲ, ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಬಸವಯ್ಯಮಾವ ತಲೆ ಅಲ್ಲಾಡಿಸಿದರು.

"ನೀನೇ ಹೇಳವ್ವ. ಕಾಯ್ತೀವಿ."

ಮೈಕು ಒತ್ತಿ, "ಟೀಚರ್, ದಾರಿ ಖಾಲಿ ಇದೆ. ಇನ್ನು ಬಿಡಿ" ಎಂದೆ. ಅಷ್ಟೇ. ಮಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇಂದ್ರಾಣಿ ಮಾತು ಹೊರಟಿದೆ ಎಂದು ಬೀದಿಗೆ ಕೂಗಿ ಹೇಳಿದರು. ಯಾರ ಮಾತಿಗೂ ನಮ್ಮೂರಿನಲ್ಲಿ ಹಾಗೆ ಸಾರಿದ್ದಿಲ್ಲ. ಬೀದಿಯಿಂದ ಬೀದಿಗೆ ಅದು ಬಾಯಿಂದ ಬಾಯಿಗೆ ಹೋಯಿತು. ಚಹಾದಂಗಡಿಯವನು ಎದ್ದು ಬೆಂಚನ್ನು ಒಳಗೆ ಎಳೆದುಕೊಂಡ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದವಳು ಎಮ್ಮೆಗಳನ್ನು ಓಣಿಗೆ ತಿರುಗಿಸಿ ಕೊಂಬು ಹಿಡಿದು ನಿಂತಳು. ಗುಡ್ಡದ ಬುಡದಲ್ಲಿ ಅಷ್ಟೂ ಜನ ಎರಡು ಭಾಗವಾಗಿ ಸರಿದು ನಡುವೆ ದಾರಿ ಬಿಟ್ಟರು. ತಾಯಂದಿರು ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡರು. ಮುದುಕರೊಬ್ಬರು ತಲೆಯ ರುಮಾಲು ಸರಿಮಾಡಿಕೊಂಡದ್ದನ್ನು ನಾನೇ ಕಂಡೆ. ಕಾಣದ ಮಾತಿಗೆ ದಾರಿ ಬಿಟ್ಟು ಊರಿಗೆ ಊರೇ ನಿಂತಿತು, ಯಾರೂ ಗಡಿಯಾರ ನೋಡಲಿಲ್ಲ. ಗುಡ್ಡದ ಮೇಲೂ ಒಂದು ಇಂಜಿನ್ನೂ ಸದ್ದು ಮಾಡಲಿಲ್ಲ. ನನ್ನ ಮಾತು ನನ್ನ ನಡಿಗೆಯಲ್ಲೇ ಹೋಯಿತು. ಬಹಳ ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ನಾನು ಕಿಟಕಿಯಲ್ಲಿ ತಲೆಯೆತ್ತಿಕೊಂಡು ನಿಂತಿದ್ದೆ. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಧೂಳು ಎದ್ದಿತು.